ವಿದ್ಯುತ್ ಗಾಡಿಯ ಪ್ಲಗ್‌ನಲ್ಲಿ ಇಷ್ಟೊಂದು ಪಿನ್ನು ಏಕೆ?

ರಾಯಚೂರಿನಿಂದ ಲಿಂಗಸುಗೂರಿನ ಕಡೆಗೆ ಹೊರಟರೆ ದಾರಿಯಲ್ಲಿ ಕಲ್ಮಲ ಸಿಗುತ್ತದೆ. ಮಾನ್ವಿ, ಸಿಂಧನೂರಿಗೆ ಹೋಗುವ ರಸ್ತೆ ಅಲ್ಲಿಂದ ಕವಲೊಡೆಯುತ್ತದೆ. ವಿಜ್ಞಾನ ಕಿಟ್ಟಿನ ಪೆಟ್ಟಿಗೆ ಹಿಡಿದು ಶಾಲೆಯಿಂದ ಶಾಲೆಗೆ ತಿರುಗುವ ನನಗೆ ಇದು ಚಿರಪರಿಚಿತ ದಾರಿ. ಈಚೆಗೆ ನಾನು ವಿದ್ಯುತ್ ಸ್ಕೂಟರ್‌ನಲ್ಲಿ ಹೋಗುತ್ತೇನೆ. ಆ ಭಾಗದ ಒಂದು ಶಾಲೆಯ ಅಂಗಳದಲ್ಲಿ ಅದನ್ನು ನಿಲ್ಲಿಸಿದ್ದೇ ತಡ, ಮಕ್ಕಳು ಸುತ್ತಲೂ ಮುತ್ತಿಕೊಂಡರು.

“ಟೀಚರ್, ಇದಕ್ಕ ಪೆಟ್ರೋಲ್ ಹಾಕಂಗಿಲ್ಲೇನ್ರೀ?”

“ಇಲ್ಲ, ಕರೆಂಟು ಹಾಕುತ್ತೇನೆ.”

“ನಮ್ಮ ಮಾವ ಕರೆಂಟಿನ ಆಟೋ ತಗೊಂಡಾನ್ರೀ. ಅದರ ವೈರು ನಿಮ್ಮ ಗಾಡಿಗೆ ಹಚ್ಚಬಹುದೇನ್ರೀ?”

ಹೀಗೆ ಕೇಳಿದವಳು ಏಳನೆಯ ತರಗತಿಯ ಹುಡುಗಿ. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಪೆಟ್ರೋಲ್ ಬಂಕಿಗೆ ಯಾವ ಕಂಪನಿಯ ಬೈಕ್ ಹೋದರೂ ಅದೇ ಪೈಪಿನಿಂದ ಪೆಟ್ರೋಲ್ ಹಾಕುತ್ತಾರೆ. ಕರೆಂಟಿನ ಗಾಡಿಗೆ ಮಾತ್ರ ಬೇರೆ ಬೇರೆ ಪ್ಲಗ್ ಏಕೆ? ಕೆಲವು ಪ್ಲಗ್‌ಗಳಲ್ಲಿ ಮೂರು ಪಿನ್ನು, ಕೆಲವದರಲ್ಲಿ ಏಳು, ಇನ್ನು ಕೆಲವದರಲ್ಲಿ ಇನ್ನೂ ಹೆಚ್ಚು. ಅವೆಲ್ಲ ಅಲಂಕಾರಕ್ಕೆ ಇಟ್ಟವೇ? ಬನ್ನಿ ಮಕ್ಕಳೇ, ಮನೆಯ ಪ್ಲಗ್‌ನಿಂದಲೇ ಶುರು ಮಾಡೋಣ.

ಉದ್ದನೆಯ ಪಿನ್ನಿನ ಗುಟ್ಟು

ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ನೀವು ನೋಡಿದ್ದೀರಿ. ಅದರಲ್ಲಿ ಮೂರು ಪಿನ್ನುಗಳಿವೆ. ಕೆಳಗಿನ ಎರಡು ಒಂದೇ ಅಳತೆಯವು. ಒಂದರಿಂದ ವಿದ್ಯುತ್ ಬರುತ್ತದೆ, ಇನ್ನೊಂದರಿಂದ ಮರಳುತ್ತದೆ. ಅವುಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಎನ್ನುತ್ತೇವೆ. ಮೇಲಿನದು ಮೂರನೆಯದು. ಅದು ಉಳಿದೆರಡಕ್ಕಿಂತ ಉದ್ದ, ದಪ್ಪವೂ ಹೌದು. ಅದೇ ಭೂಸಂಪರ್ಕದ ಪಿನ್ನು, ಅಂದರೆ ಅರ್ಥಿಂಗ್.

ಇಸ್ತ್ರಿ ಪೆಟ್ಟಿಗೆಯೊಳಗೆ ಒಂದು ವೈರಿನ ಹೊದಿಕೆ ಹರಿದು ಲೋಹದ ಮೈಗೆ ತಗುಲಿತು ಎನ್ನೋಣ. ಆಗ ಮೈಯೆಲ್ಲ ವಿದ್ಯುತ್. ಮುಟ್ಟಿದವರ ದೇಹದ ಮೂಲಕ ಅದು ನೆಲಕ್ಕೆ ಹರಿಯುತ್ತದೆ. ಅರ್ಥಿಂಗ್ ಇದ್ದರೆ ಹಾಗಾಗುವುದಿಲ್ಲ. ವಿದ್ಯುತ್ತಿಗೆ ನೆಲ ಸೇರಲು ಸುಲಭವಾದ ದಾರಿ ಮೊದಲೇ ಸಿದ್ಧವಿರುತ್ತದೆ. ಆ ದಾರಿಯಲ್ಲಿ ಒಮ್ಮೆಲೇ ಹೆಚ್ಚು ವಿದ್ಯುತ್ ಹರಿದು ಫ್ಯೂಸ್ ಸುಡುತ್ತದೆ, ಇಲ್ಲವೇ ಎಂ.ಸಿ.ಬಿ. ಕೆಳಗೆ ಬೀಳುತ್ತದೆ. ಗಾಡಿಯಲ್ಲಾಗಲಿ ಇಸ್ತ್ರಿ ಪೆಟ್ಟಿಗೆಯಲ್ಲಾಗಲಿ ಆ ಪಿನ್ನಿನ ಕೆಲಸ ಒಂದೇ, ನಮ್ಮನ್ನು ಕಾಯುವುದು.

ಹಾಗಾದರೆ ಅದು ಉದ್ದ ಏಕೆ? ಪ್ಲಗ್ ಹಾಕುವಾಗ ಉದ್ದನೆಯ ಪಿನ್ನು ಎಲ್ಲಕ್ಕಿಂತ ಮೊದಲು ಒಳಗೆ ತಾಗುತ್ತದೆ. ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಕಾವಲುಗಾರ ಮೊದಲು ಬರಬೇಕು, ಕೊನೆಗೆ ಹೋಗಬೇಕು, ಅಲ್ಲವೇ?

ಇನ್ನೊಂದು ಗಮನಿಸಿ. 16 ಆಂಪಿಯರ್‌ನ ದಪ್ಪ ಪ್ಲಗ್ 6 ಆಂಪಿಯರ್‌ನ ಸಣ್ಣ ಸಾಕೆಟ್ಟಿನೊಳಗೆ ಹೋಗುವುದೇ ಇಲ್ಲ. ಹೆಚ್ಚು ವಿದ್ಯುತ್ ಬೇಡುವ ಸಾಧನವನ್ನು ಸಣ್ಣ ಸಾಕೆಟ್ಟಿಗೆ ಯಾರೂ ಮರೆತು ಜೋಡಿಸಬಾರದೆಂದೇ ಅದನ್ನು ಹಾಗೆ ಮಾಡಿದ್ದಾರೆ. ಈ ಅಳತೆಗಳನ್ನು ಮನಸ್ಸಿಗೆ ಬಂದಂತೆ ಇಟ್ಟಿಲ್ಲ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 1293 ಎಂಬ ಮಾನಕದಲ್ಲಿ ಅವನ್ನು ಬರೆದಿಟ್ಟಿದ್ದಾರೆ. ಅದಕ್ಕೇ ರಾಯಚೂರಿನಲ್ಲಿ ಕೊಂಡ ಪ್ಲಗ್ ದೆಹಲಿಯ ಸಾಕೆಟ್ಟಿನಲ್ಲೂ ಕೂರುತ್ತದೆ. ಎಲ್ಲರೂ ಒಪ್ಪಿ ಪಾಲಿಸುವ ಇಂಥ ಅಳತೆಗೆ ‘ಮಾನಕ’ ಎಂದು ಹೆಸರು.

ವೈರು ಬಿಸಿಯಾಗುವುದೇಕೆ?

ತೆಳ್ಳನೆಯ ಪೈಪಿನಲ್ಲಿ ನೀರನ್ನು ಜೋರಾಗಿ ಹರಿಸುವುದು ಕಷ್ಟ. ತೆಳ್ಳನೆಯ ವೈರು ಕೂಡ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಮಾಡುತ್ತದೆ. ಈ ಅಡ್ಡಿಯೇ ರೋಧ. ರೋಧ ಇರುವಲ್ಲಿ ವಿದ್ಯುತ್ ಹರಿದರೆ ಶಾಖ ಹುಟ್ಟುತ್ತದೆ. ಎಷ್ಟು ಹುಟ್ಟುತ್ತದೆ ಎಂಬುದನ್ನು 1840ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಜೂಲ್ ಪ್ರಯೋಗಗಳಿಂದ ಕಂಡುಕೊಂಡರು. ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಪ್ರವಾಹ ಐದು ಪಟ್ಟಾದರೆ ಶಾಖ ಇಪ್ಪತ್ತೈದು ಪಟ್ಟು!

ಈಗ ಒಂದು ಸಣ್ಣ ಲೆಕ್ಕ. ವ್ಯಾಟ್ ಸಂಖ್ಯೆಯನ್ನು ವೋಲ್ಟ್ ಸಂಖ್ಯೆಯಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನಮ್ಮ ಮನೆಗೆ ಬರುವುದು 230 ವೋಲ್ಟ್.

9 ವ್ಯಾಟ್‌ನ ಎಲ್.ಇ.ಡಿ. ಬಲ್ಬು: ಸುಮಾರು 0.04 ಆಂಪಿಯರ್

750 ವ್ಯಾಟ್‌ನ ಸ್ಕೂಟರ್ ಚಾರ್ಜರ್: ಸುಮಾರು 3.3 ಆಂಪಿಯರ್

3,300 ವ್ಯಾಟ್‌ನ ಕಾರ್ ಚಾರ್ಜರ್: ಸುಮಾರು 14.3 ಆಂಪಿಯರ್

ಹೊಲದಲ್ಲಿರುವ 5 ಅಶ್ವಶಕ್ತಿಯ ಪಂಪ್‌ಸೆಟ್ ಸುಮಾರು 3,700 ವ್ಯಾಟ್‌ನದು. ಅಂದರೆ ಒಂದು ಕಾರನ್ನು ಮನೆಯಲ್ಲಿ ಚಾರ್ಜ್ ಮಾಡುವುದೂ ಒಂದು ಪಂಪ್‌ಸೆಟ್ ಓಡಿಸುವುದೂ ಹತ್ತಿರ ಹತ್ತಿರ ಸಮ. ಪಂಪ್‌ಸೆಟ್ಟಿಗೆ ಬಲ್ಬಿನ ವೈರು ಎಳೆಯುವ ರೈತರು ಯಾರೂ ಇಲ್ಲ. ಗಾಡಿಯ ವಿಷಯದಲ್ಲಿ ಮಾತ್ರ ಜನ ಇದನ್ನು ಮರೆಯುತ್ತಾರೆ.

ವೈರಿನ ದಪ್ಪವನ್ನು ಚದರ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ಮನೆಯ ದೀಪಗಳಿಗೆ ಸಾಮಾನ್ಯವಾಗಿ 1 ಅಥವಾ 1.5 ಚದರ ಮಿಲಿಮೀಟರ್‌ನ ತಾಮ್ರದ ವೈರು ಸಾಕು. 16 ಆಂಪಿಯರ್ ಸಾಕೆಟ್ಟಿಗೆ 2.5 ಅಥವಾ 4 ಚದರ ಮಿಲಿಮೀಟರ್‌ನದು ಬೇಕು. ನೆನಪಿಡಿ, ಮಿಕ್ಸಿ ಓಡುವುದು ಐದು ನಿಮಿಷ, ಗಾಡಿ ಚಾರ್ಜ್ ಆಗುವುದು ಗಂಟೆಗಟ್ಟಲೆ. 3 ಯೂನಿಟ್ ಹಿಡಿಸುವ ಬ್ಯಾಟರಿಗೆ 750 ವ್ಯಾಟ್‌ನ ಚಾರ್ಜರ್ ಹಾಕಿದರೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ಅಷ್ಟೂ ಹೊತ್ತು ವೈರು ಬಿಸಿಯಾಗುತ್ತಲೇ ಇರುತ್ತದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ ಕಾದಿರುತ್ತದೆ. ವೈರಿನ ಶಾಖ ಹೊರಹೋಗುವುದು ಆಗ ಇನ್ನೂ ನಿಧಾನ.

ಶಕ್ತಿನಗರದ ವಿದ್ಯುತ್ತು, ಬ್ಯಾಟರಿಯ ವಿದ್ಯುತ್ತು

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1985ರಲ್ಲಿ ಅದರ ಮೊದಲ ಘಟಕ ಶುರುವಾಯಿತು. ಅಲ್ಲಿ ತಯಾರಾಗುವುದು ಪರ್ಯಾಯ ವಿದ್ಯುತ್, ಅಂದರೆ ಎ.ಸಿ. ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್, ಅಂದರೆ ಡಿ.ಸಿ. ಎ.ಸಿ.ಯನ್ನು ಡಿ.ಸಿ. ಮಾಡುವ ಸಾಧನವೇ ಚಾರ್ಜರ್.

ಈ ಚಾರ್ಜರನ್ನು ಎಲ್ಲಿ ಇಡಬೇಕು? ಎರಡು ದಾರಿಗಳಿವೆ. ಒಂದು, ಗಾಡಿಯೊಳಗೇ ಇಡುವುದು. ಆಗ ಕೇಬಲ್ಲಿನಲ್ಲಿ ಎ.ಸಿ. ಬರುತ್ತದೆ. ಗಾಡಿಯಲ್ಲಿ ಜಾಗ ಕಡಿಮೆ, ಆದ್ದರಿಂದ ಚಾರ್ಜರ್ ಸಣ್ಣದು, ಕೆಲಸ ನಿಧಾನ. ಇನ್ನೊಂದು, ದೊಡ್ಡ ಚಾರ್ಜರನ್ನು ರಸ್ತೆ ಬದಿಯ ಕೇಂದ್ರದಲ್ಲಿ ನಿಲ್ಲಿಸುವುದು. ಆಗ ಕೇಬಲ್ಲಿನಲ್ಲಿ ಡಿ.ಸಿ. ನೇರವಾಗಿ ಬ್ಯಾಟರಿಗೆ ಹರಿಯುತ್ತದೆ. ಇದು ವೇಗದ ಚಾರ್ಜಿಂಗ್. 60 ಕಿಲೋವ್ಯಾಟ್‌ನ ಕೇಂದ್ರದಿಂದ 400 ವೋಲ್ಟ್‌ನ ಕಾರಿಗೆ ಎಷ್ಟು ಆಂಪಿಯರ್ ಹರಿಯುತ್ತದೆ? ಭಾಗಿಸಿ ನೋಡಿ. 150 ಆಂಪಿಯರ್! ಅದಕ್ಕೇ ಆ ಕೇಬಲ್ ಅಷ್ಟು ದಪ್ಪ, ಅಷ್ಟು ಭಾರ. ಇದಕ್ಕಿಂತ ಎಷ್ಟೋ ಶಕ್ತಿಶಾಲಿಯಾದ ಕೆಲವು ಕೇಂದ್ರಗಳಲ್ಲಿ ಕೇಬಲ್ಲಿನೊಳಗೆ ದ್ರವ ಹರಿಸಿ ಅದನ್ನು ತಣ್ಣಗಿಡುತ್ತಾರೆ.

ಕರೆಂಟು ಕೊಡುವ ಮುನ್ನ ಮಾತುಕತೆ

ಇಷ್ಟು ದೊಡ್ಡ ಪ್ರವಾಹವನ್ನು ಸುಮ್ಮನೆ ಹರಿಯಬಿಡಲಾಗದು. ಆದ್ದರಿಂದ ಕಾರಿನ ಪ್ಲಗ್‌ನಲ್ಲಿ ಮಾತನಾಡುವ ಪಿನ್ನುಗಳೂ ಇವೆ. ಭಾರತದಲ್ಲಿ ಈಗ ಮಾರಾಟವಾಗುವ ಹೆಚ್ಚಿನ ವಿದ್ಯುತ್ ಕಾರುಗಳಲ್ಲಿ ಎ.ಸಿ. ಚಾರ್ಜಿಂಗ್‌ಗೆ ‘ಟೈಪ್ 2’ ಎಂಬ ಪ್ಲಗ್ ಇದೆ. ಅದರಲ್ಲಿ ಏಳು ಪಿನ್ನುಗಳು. ಮೂರು ಫೇಸ್‌ಗಳಿಗೆ ಮೂರು, ನ್ಯೂಟ್ರಲ್‌ಗೆ ಒಂದು, ಅರ್ಥಿಂಗ್‌ಗೆ ಒಂದು. ಉಳಿದ ಎರಡು ಸಣ್ಣ ಪಿನ್ನುಗಳು ಮಾತುಕತೆಗೆ.

ಮಾತುಕತೆ ಹೇಗೆ ನಡೆಯುತ್ತದೆ ಕೇಳಿ. ಚಾರ್ಜರ್ ಒಂದು ಸಣ್ಣ ಪಿನ್ನಿನಲ್ಲಿ 12 ವೋಲ್ಟ್ ಇಟ್ಟು ಕಾಯುತ್ತದೆ. “ಯಾರಾದರೂ ಇದ್ದೀರಾ?” ಎಂದು ಕೇಳಿದಂತೆ. ಪ್ಲಗ್ ಸೇರಿದೊಡನೆ ಕಾರಿನೊಳಗಿನ ರೋಧಕವೊಂದು ಅದನ್ನು 9 ವೋಲ್ಟ್‌ಗೆ ಇಳಿಸುತ್ತದೆ. “ನಾನಿದ್ದೇನೆ” ಎಂದು ಅರ್ಥ. ಆಗ ಚಾರ್ಜರ್ ಸೆಕೆಂಡಿಗೆ ಸಾವಿರ ಸಲ ಮಿಡಿಯತೊಡಗುತ್ತದೆ. ಆ ಮಿಡಿತದ ಅಗಲವೇ ಅದರ ಭಾಷೆ. ಪ್ರತಿ ಮಿಡಿತ ಕಾಲು ಭಾಗದಷ್ಟು ಹೊತ್ತು ಇದ್ದರೆ “15 ಆಂಪಿಯರ್ ಕೊಡಬಲ್ಲೆ” ಎಂದು ಅರ್ಥ. ಅರ್ಧ ಭಾಗ ಇದ್ದರೆ “30 ಆಂಪಿಯರ್ ಕೊಡಬಲ್ಲೆ” ಎಂದು. ಕಾರು ಸಿದ್ಧವಾದಾಗ ಅದನ್ನು 6 ವೋಲ್ಟ್‌ಗೆ ಇಳಿಸಿ “ಆಯಿತು, ಕೊಡು” ಎನ್ನುತ್ತದೆ. ಟಕ್ ಎಂದು ಒಳಗಿನ ಸ್ವಿಚ್ಚು ಮುಚ್ಚುತ್ತದೆ. ಆಮೇಲಷ್ಟೇ ದೊಡ್ಡ ಪಿನ್ನುಗಳಿಗೆ ವಿದ್ಯುತ್.

ಇನ್ನೊಂದು ಸಣ್ಣ ಪಿನ್ನು ಕೇಬಲ್ಲಿನ ಪರವಾಗಿ ಮಾತನಾಡುತ್ತದೆ. ಕೇಬಲ್ಲಿನ ಪ್ಲಗ್ಗಿನೊಳಗೆ ಒಂದು ರೋಧಕವನ್ನು ಕೂರಿಸಿರುತ್ತಾರೆ. ಅದು 680 ಓಮ್ ಇದ್ದರೆ ಆ ಕೇಬಲ್ 20 ಆಂಪಿಯರ್ ತಾಳುತ್ತದೆ, 220 ಓಮ್ ಇದ್ದರೆ 32 ಆಂಪಿಯರ್ ತಾಳುತ್ತದೆ. ಹೀಗೆ ಚಾರ್ಜರ್, ಕೇಬಲ್, ಕಾರು ಈ ಮೂವರಲ್ಲಿ ಯಾರ ಶಕ್ತಿ ಕಡಿಮೆಯೋ ಅಷ್ಟೇ ವಿದ್ಯುತ್ ಹರಿಯುತ್ತದೆ. ಮೂವರು ಸೇರಿ ನಡೆಯುವಾಗ ಸಣ್ಣವನ ಹೆಜ್ಜೆಗೆ ತಕ್ಕಂತೆ ನಡೆದ ಹಾಗೆ!

ಇಲ್ಲಿಯೂ ಅರ್ಥಿಂಗ್ ಪಿನ್ನೇ ಮೊದಲು ತಾಗುತ್ತದೆ. ಮಾತಿನ ಪಿನ್ನು ಕೊನೆಗೆ ತಾಗುತ್ತದೆ. ಪ್ಲಗ್ ಎಳೆದರೆ ಮಾತಿನ ಪಿನ್ನು ಮೊದಲು ಬಿಡುತ್ತದೆ. ಮಾತು ನಿಂತ ಕೂಡಲೇ ಚಾರ್ಜರ್ ವಿದ್ಯುತ್ತನ್ನು ಕಡಿದುಬಿಡುತ್ತದೆ. ಇಸ್ತ್ರಿ ಪೆಟ್ಟಿಗೆಯ ಉದ್ದನೆಯ ಪಿನ್ನಿನ ಬುದ್ಧಿಯೇ ಇಲ್ಲಿ ಇನ್ನಷ್ಟು ಬೆಳೆದಿದೆ.

ವೇಗದ ಡಿ.ಸಿ. ಚಾರ್ಜಿಂಗ್‌ಗೆ ಇದೇ ಆಕಾರದ ಕೆಳಗೆ ಎರಡು ದಪ್ಪ ಪಿನ್ನುಗಳನ್ನು ಸೇರಿಸಿದ್ದಾರೆ. ಅದರ ಹೆಸರು ‘ಸಿ.ಸಿ.ಎಸ್. 2’. ಕಾರಿನಲ್ಲಿ ಒಂದೇ ಕಿಂಡಿ, ಎರಡೂ ಬಗೆಯ ವಿದ್ಯುತ್ತಿಗೆ ಬಾಗಿಲು.

ಒಂದೇ ಕೇಂದ್ರದಲ್ಲಿ ಐದು ಬಗೆ

ಈ ಮಾನಕಗಳು ಒಂದೇ ದಿನದಲ್ಲಿ ಆದವಲ್ಲ. ಇದರಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ.

2001ರಲ್ಲಿ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಬಂತು. ಅದಕ್ಕೆ ವಿಶೇಷ ಕೇಂದ್ರ ಬೇಕಿರಲಿಲ್ಲ. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಹಾಕಿ ಸುಮಾರು ಎಂಟು ಗಂಟೆ ಬಿಟ್ಟರೆ ಬ್ಯಾಟರಿ ತುಂಬುತ್ತಿತ್ತು. 2017ರಲ್ಲಿ ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗಾಗಿ ಒಂದು ನೀತಿ ಪ್ರಕಟಿಸಿತು. ಇಂಥ ನೀತಿ ತಂದ ಮೊದಲ ರಾಜ್ಯ ನಮ್ಮದೇ.

ಅದೇ ವರ್ಷ ದೇಶದಲ್ಲಿ ‘ಭಾರತ್ ಎ.ಸಿ. 001’ ಮತ್ತು ‘ಭಾರತ್ ಡಿ.ಸಿ. 001’ ಎಂಬ ಎರಡು ಬಗೆಯ ಚಾರ್ಜರ್‌ಗಳನ್ನು ಗೊತ್ತುಪಡಿಸಿದರು. ಮೊದಲನೆಯದರಲ್ಲಿ ಕಾರ್ಖಾನೆಗಳಲ್ಲಿ ಬಳಸುವ ದುಂಡನೆಯ ನೀಲಿ ಪ್ಲಗ್ ಇತ್ತು. ಎರಡನೆಯದರಲ್ಲಿ ಚೀನಾದ ಮಾನಕದ ಪ್ಲಗ್ ಇತ್ತು. ಅಷ್ಟರಲ್ಲಿ ಯುರೋಪಿನ ಸಿ.ಸಿ.ಎಸ್., ಟೈಪ್ 2, ಜಪಾನಿನ ‘ಚಾಡೆಮೊ’ ಕೂಡ ಬಂದಿದ್ದವು. ಚಾಡೆಮೊ ಎಂಬ ಹೆಸರಿನಲ್ಲಿ ಒಂದು ತಮಾಷೆ ಇದೆ. ಜಪಾನಿ ಭಾಷೆಯಲ್ಲಿ “ಚಹಾ ಕುಡಿಯೋಣವೇ?” ಎನ್ನುವ ಮಾತನ್ನು ಅದು ನೆನಪಿಸುತ್ತದೆ. ಚಹಾ ಕುಡಿಯುವಷ್ಟರಲ್ಲಿ ಚಾರ್ಜ್ ಆಗಲಿ ಎಂಬ ಆಸೆ!

2018ರ ಡಿಸೆಂಬರ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ ಬಂದಾಗ ಪ್ರತಿ ಸಾರ್ವಜನಿಕ ಕೇಂದ್ರದಲ್ಲಿ ಈ ಐದೂ ಬಗೆಯ ಚಾರ್ಜರ್ ಇರಬೇಕು ಎಂದಿತ್ತು. ಯೋಚಿಸಿ, ಒಂದು ಕಿರಾಣಿ ಅಂಗಡಿಯಲ್ಲಿ ಐದು ಬಗೆಯ ತಕ್ಕಡಿ ಇಡಬೇಕಾದರೆ ಎಷ್ಟು ಖರ್ಚು? 2019ರ ಅಕ್ಟೋಬರ್‌ನಲ್ಲಿ ಆ ನಿಯಮ ಸಡಿಲಿಸಿ, ಯಾವುದು ಬೇಕೋ ಅದನ್ನು ಇಡಬಹುದು ಎಂದರು.

ಕಾರುಗಳ ದಾರಿ ಹೀಗೆ ತಿಳಿಯಾಗುತ್ತಾ ಬಂತು. ಸ್ಕೂಟರ್, ಬೈಕುಗಳಿಗೆ ಕಾರಿನ ಪ್ಲಗ್ ತೀರಾ ದೊಡ್ಡದು. ಬೆಂಗಳೂರಿನ ಏಥರ್ ಎನರ್ಜಿ ಕಂಪನಿ ತನ್ನ ಸ್ಕೂಟರ್‌ಗಳಿಗಾಗಿ ಒಂದು ಪುಟ್ಟ ಪ್ಲಗ್ ರೂಪಿಸಿತ್ತು. ಎ.ಸಿ., ಡಿ.ಸಿ. ಎರಡೂ ಅದರಲ್ಲೇ ಬರುತ್ತವೆ. 2021ರಲ್ಲಿ ಆ ವಿನ್ಯಾಸವನ್ನು ಬೇರೆ ಕಂಪನಿಗಳೂ ಬಳಸಲಿ ಎಂದು ಅದು ಬಿಟ್ಟುಕೊಟ್ಟಿತು. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಹಗುರ ವಾಹನಗಳ ಒಂದು ಮಾನಕವಾಗಿ ಒಪ್ಪಿತು. ವಿದ್ಯುತ್ ವಾಹನ ಚಾರ್ಜಿಂಗ್‌ನ ಮಾನಕಗಳ ಮಾಲೆಗೆ ಐ.ಎಸ್. 17017 ಎಂದು ಹೆಸರು. ಇದು ಆ ಮಾಲೆಯ ಒಂದು ಹೂ. ಆದರೂ ಎಲ್ಲ ಕಂಪನಿಗಳ ಸ್ಕೂಟರ್‌ಗಳಿಗೂ ಒಂದೇ ಪ್ಲಗ್ ಎನ್ನುವ ಹಾಗೆ ಇನ್ನೂ ಆಗಿಲ್ಲ.

ಇಂಥ ಗೊಂದಲ ಹೊಸದಲ್ಲ. ಒಂದು ಕಾಲದಲ್ಲಿ ಪ್ರತಿ ಮೊಬೈಲ್ ಕಂಪನಿಗೂ ಬೇರೆ ಬೇರೆ ಪಿನ್ನು ಇತ್ತು ಎಂದು ಮನೆಯ ಹಿರಿಯರು ಹೇಳುತ್ತಾರೆ, ಕೇಳಿ. ಈಗ ಹೆಚ್ಚಿನ ಹೊಸ ಫೋನುಗಳಿಗೆ ‘ಟೈಪ್ ಸಿ’ ಒಂದೇ ಸಾಕು. ಗಾಡಿಗಳೂ ಆ ದಾರಿಯಲ್ಲೇ ನಡೆದಿವೆ.

ಆ ಹುಡುಗಿಯ ಮಾವನ ಆಟೋ

ಶಾಲೆ ಬಿಟ್ಟ ಮೇಲೆ ಆ ಹುಡುಗಿ ನನ್ನನ್ನು ತನ್ನ ಮಾವನ ಮನೆಗೆ ಕರೆದುಕೊಂಡು ಹೋದಳು. ಆಟೋ ಬಾಗಿಲ ಮುಂದೆ ಚಾರ್ಜ್ ಆಗುತ್ತಿತ್ತು. ಕಿಟಕಿಯಿಂದ ಹೊರಗೆ ಎಳೆದ ಎಕ್ಸ್‌ಟೆನ್ಶನ್ ವೈರು ತೆಳ್ಳಗಿತ್ತು. ಉಳಿದ ವೈರನ್ನು ಸುರುಳಿ ಸುತ್ತಿ ನೆಲದಲ್ಲಿ ಇಟ್ಟಿದ್ದರು. ಒಳಗೆ ಹೋಗಿ ನೋಡಿದರೆ, ಗೋಡೆಯಲ್ಲಿ ಇದ್ದದ್ದು ಎರಡೇ ತೂತಿನ ಹಳೆಯ ಸಾಕೆಟ್ಟು. ಅದರಲ್ಲಿ ಕೂರಲಿ ಎಂದು ಪ್ಲಗ್‌ನ ಉದ್ದನೆಯ ಪಿನ್ನನ್ನು ಕತ್ತರಿಸಿದ್ದರು!

ಸುರುಳಿಯ ಮೇಲೆ ಕೈ ಹಿಡಿದರೆ ಕಾವು ತಾಗುತ್ತಿತ್ತು. ಸುರುಳಿಯೊಳಗಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ, ಕಂಬಳಿ ಹೊದ್ದ ಹಾಗೆ. ಸಾಕೆಟ್ಟಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ಚಿಕ್ಕ ಮಕ್ಕಳು ಆಟೋದ ಕಬ್ಬಿಣದ ಸರಳು ಹಿಡಿದು ಆಡುತ್ತಿದ್ದರು.

“ದಿನಾ ಹಿಂಗ ಹಚ್ಚತೀನ್ರೀ, ಇನ್ನತನಕ ಏನೂ ಆಗಿಲ್ರೀ” ಎಂದರು ಅವಳ ಮಾವ.

ನಾನು ಉತ್ತರ ಹೇಳುವ ಮೊದಲೇ ಹುಡುಗಿ ಹೇಳಿದಳು: “ಮಾವ, ಆ ಉದ್ದನ ಪಿನ್ನು ಕಾವಲುಗಾರ ಅಂತ. ನೀ ಅದನ್ನ ಕಡದೀಯಲ್ಲ.”

ಅವರು ಆಗಲೇ ಮೇನ್ ಸ್ವಿಚ್ಚು ಆರಿಸಿ ವೈರು ತೆಗೆದರು. ಕೆಲವು ದಿನಗಳ ಮೇಲೆ ನಾನು ಮತ್ತೆ ಆ ದಾರಿಯಲ್ಲಿ ಬಂದಾಗ ಹೊರಗೋಡೆಯ ಮೇಲೆ ಹೊಸ 16 ಆಂಪಿಯರ್ ಸಾಕೆಟ್ಟು, ಅದಕ್ಕೊಂದು ಎಂ.ಸಿ.ಬಿ., ನೆಲಕ್ಕೆ ಇಳಿದ ಅರ್ಥಿಂಗ್ ವೈರು ಕಂಡವು. ಎಲೆಕ್ಟ್ರೀಷಿಯನ್‌ಗೆ ಕೊಟ್ಟ ಹಣ ಎರಡು ದಿನದ ಬಾಡಿಗೆಯಷ್ಟು ಎಂದರು. ಮಕ್ಕಳ ಜೀವಕ್ಕೆ ಹೋಲಿಸಿದರೆ ಅದೇನು ದೊಡ್ಡದು?

ಇನ್ನು ಅವಳ ಪ್ರಶ್ನೆಗೆ ಉತ್ತರ. ಮಾವನ ಆಟೋದ ಚಾರ್ಜರನ್ನು ನನ್ನ ಸ್ಕೂಟರ್‌ಗೆ ಹಚ್ಚಬಾರದು. ಗೋಡೆಗೆ ಹೋಗುವ ತುದಿ ಎರಡರದ್ದೂ ಒಂದೇ, ಏಕೆಂದರೆ ಅಲ್ಲಿ ಮಾನಕ ಒಂದೇ. ಗಾಡಿಗೆ ಹೋಗುವ ತುದಿ ಬೇರೆ, ಎರಡು ಬ್ಯಾಟರಿಗಳಿಗೆ ಬೇಕಾದ ವೋಲ್ಟ್ ಕೂಡ ಬೇರೆ. ಪ್ಲಗ್ ಕೂರದಿದ್ದರೆ ಅದು “ಬೇಡ” ಎನ್ನುತ್ತಿದೆ ಎಂದು ತಿಳಿಯಿರಿ. ಆ ಮಾತನ್ನು ಮೀರಿ ಪಿನ್ನು ಕತ್ತರಿಸುವುದು, ಬರಿ ವೈರು ತುರುಕುವುದು ಅಪಾಯ.

ಮಾಡಿ ನೋಡಿ

1. ಮನೆಯಲ್ಲಿರುವ ಚಾರ್ಜರ್, ಮಿಕ್ಸಿ, ಫ್ಯಾನ್‌ಗಳ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು ಓದಿ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಎಷ್ಟು ಆಂಪಿಯರ್ ಬೇಕು, ಲೆಕ್ಕ ಹಾಕಿ.

2. ನಿಮ್ಮ ಶಾಲೆಯಲ್ಲಿ ಮೂರು ತೂತಿನ ಸಾಕೆಟ್ಟು ಎಷ್ಟಿವೆ, ಎರಡು ತೂತಿನವು ಎಷ್ಟಿವೆ? ಎಣಿಸಿ ಗುರುಗಳಿಗೆ ತೋರಿಸಿ.

3. ನಿಮ್ಮ ಓಣಿಯಲ್ಲಿ ವಿದ್ಯುತ್ ಗಾಡಿ ಇದ್ದರೆ ಅದರ ಪ್ಲಗ್‌ನ ಚಿತ್ರವನ್ನು ದೂರದಿಂದ ನೋಡಿ ಬರೆಯಿರಿ. ಪಿನ್ನುಗಳನ್ನು ಎಣಿಸಿ. ಯಾವುದು ಅರ್ಥಿಂಗ್ ಇರಬಹುದು, ಊಹಿಸಿ.

ಎಚ್ಚರಿಕೆ: ಕೇವಲ ನೋಡಿ, ಬರೆದುಕೊಳ್ಳಿ. ಸಾಕೆಟ್ಟು, ಪ್ಲಗ್, ವೈರುಗಳನ್ನು ಮುಟ್ಟಬೇಡಿ. ಒದ್ದೆ ಕೈಯಲ್ಲಿ ಸ್ವಿಚ್ಚು ಒತ್ತಬೇಡಿ. ಪ್ಲಗ್ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಕೂಡಲೇ ದೊಡ್ಡವರಿಗೆ ಹೇಳಿ. ಪಿನ್ನು ಕತ್ತರಿಸಿದ ಪ್ಲಗ್ ನಿಮ್ಮ ಮನೆಯಲ್ಲೂ ಇದೆಯೇ? ಇಂದೇ ಸಂಜೆ ನೋಡಿ, ಆ ಹುಡುಗಿಯಂತೆ ನೀವೂ ಹೇಳಿ.